ಆರು ತಿಂಗಳ ಬಂಗಲೆ

ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟಿನ ಆವರಣದಲ್ಲಿ 1935-36ರಲ್ಲಿ ಜಗತ್ತಿನ ಶ್ರೇಷ್ಠ ಭೌತವಿಜ್ಞಾನಿಯೊಬ್ಬರು ಸಂಸಾರ ಹೂಡಿದ್ದರು. ಅವರನ್ನು ಅಲ್ಲೇ ಉಳಿಸಿಕೊಳ್ಳುವ ಅವಕಾಶ ಒಂದು ಸಭೆಯಲ್ಲಿ ಕೈತಪ್ಪಿತು.

ತಿಪಟೂರಿನಿಂದ ಬೆಂಗಳೂರಿಗೆ ಹೊರಟ ರೈಲು ಗುಬ್ಬಿ, ತುಮಕೂರು ದಾಟಿ ಯಶವಂತಪುರ ತಲಪುತ್ತದೆ. ಆ ನಿಲ್ದಾಣದಿಂದ ಸ್ವಲ್ಪವೇ ದೂರದಲ್ಲಿ, ಮಲ್ಲೇಶ್ವರದ ಪಕ್ಕಕ್ಕೆ, ಮರಗಳ ನಡುವೆ ಮುಚ್ಚಿಹೋದಂತಿರುವ ವಿಶಾಲ ಆವರಣವೊಂದಿದೆ. ಕಾಗದಪತ್ರಗಳಲ್ಲಿ ಅದರ ಹೆಸರು ಭಾರತೀಯ ವಿಜ್ಞಾನ ಸಂಸ್ಥೆ. ಬಸ್ ಕಂಡಕ್ಟರಿನಿಂದ ಹಿಡಿದು ತರಕಾರಿ ಮಾರುವವರವರೆಗೆ ಜನರ ಬಾಯಲ್ಲಿ ಅದು ಟಾಟಾ ಇನ್‌ಸ್ಟಿಟ್ಯೂಟ್. ನಮ್ಮ ತೆಂಗಿನ ಸೀಮೆಯ ಮನೆಗಳಲ್ಲಿ ವಿಜ್ಞಾನ ಓದುವ ಮಗನೋ ಮಗಳೋ ಇದ್ದರೆ ತಂದೆತಾಯಿಗಳ ಬಾಯಲ್ಲಿ ಒಮ್ಮೆಯಾದರೂ ಈ ಹೆಸರು ಬಂದೇ ಬರುತ್ತದೆ.

ಅಲ್ಲಿಗೆ ಹೋದವರು ಸಾಮಾನ್ಯವಾಗಿ ನೋಡಿಬರುವುದು ಗೋಪುರವುಳ್ಳ ಕಲ್ಲಿನ ಮುಖ್ಯ ಕಟ್ಟಡವನ್ನು. ಆದರೆ ಒಂದು ವಿದ್ಯಾಸಂಸ್ಥೆಯ ಚರಿತ್ರೆ ತರಗತಿ, ಪ್ರಯೋಗಾಲಯಗಳಲ್ಲಿ ಮಾತ್ರ ನಡೆಯುವುದಿಲ್ಲ. ಪಾಠ ಹೇಳುವವರು ಸಂಜೆ ಹೋಗಿ ಸೇರುವ ಮನೆಗಳಲ್ಲೂ ಅದು ನಡೆಯುತ್ತದೆ. ಯಾರಿಗೆ ಮನೆ ಕೊಟ್ಟರು, ಯಾರನ್ನು ಉಳಿಸಿಕೊಂಡರು, ಯಾರನ್ನು ಕಳಿಸಿಕೊಟ್ಟರು ಎಂಬುದನ್ನು ನೋಡಿದರೆ ಆ ಸಂಸ್ಥೆಯ ಮನಸ್ಸು ತಿಳಿಯುತ್ತದೆ.

ಮೈಸೂರು ಕೊಟ್ಟ ನೆಲ

ಇಂಥದೊಂದು ಸಂಸ್ಥೆಯ ಕನಸು ಕಂಡವರು ಜಮ್‌ಷೆಟ್‌ಜಿ ಟಾಟಾ. ಅದು ಕೈಗೂಡುವ ಮೊದಲೇ, 1904ರಲ್ಲಿ, ಅವರು ತೀರಿಕೊಂಡರು. ಸಂಸ್ಥೆ ಎಲ್ಲಿರಬೇಕು ಎಂಬ ಬಗ್ಗೆ ವರ್ಷಗಟ್ಟಲೆ ಚರ್ಚೆ ನಡೆದಿತ್ತು. ಬ್ರಿಟನ್ನಿನ ಹೆಸರಾಂತ ರಸಾಯನವಿಜ್ಞಾನಿ ವಿಲಿಯಂ ರಾಮ್ಸೆ ದೇಶ ಸುತ್ತಿ ನೋಡಿ ಬೆಂಗಳೂರೇ ಸೂಕ್ತ ಎಂದು ಸಲಹೆ ಮಾಡಿದ್ದರು. ಮೈಸೂರು ಸಂಸ್ಥಾನ 1907ರಲ್ಲಿ 371 ಎಕರೆ ಜಮೀನನ್ನು ಕೊಟ್ಟಿತು. ಕಟ್ಟಡಕ್ಕೆ ಹಣ ಮತ್ತು ವಾರ್ಷಿಕ ಅನುದಾನವನ್ನೂ ಒದಗಿಸಿತು. 1909ರಲ್ಲಿ ಸಂಸ್ಥೆಗೆ ಕಾನೂನಿನ ರೂಪ ಬಂತು. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅಡಿಗಲ್ಲಿಟ್ಟರು. ಅದೇ ವರ್ಷ ವಿದ್ಯಾರ್ಥಿಗಳೂ ಬಂದರು.

ಆ ಕಾಲಕ್ಕೆ ಆ ಜಾಗ ಊರಾಚೆಯದು. ಪಾಠ ಹೇಳುವವರು ದೂರದೂರದಿಂದ ಬರಬೇಕಿತ್ತು. ಹಾಗಾಗಿ ಆವರಣದೊಳಗೆ ವಿದ್ಯಾರ್ಥಿಗಳಿಗೆ ಹಾಸ್ಟೆಲ್ಲು, ಪ್ರಾಧ್ಯಾಪಕರಿಗೆ ಬಂಗಲೆ, ನಿರ್ದೇಶಕರಿಗೆ ದೊಡ್ಡ ಬಂಗಲೆ ಎಂಬ ಏರ್ಪಾಡು ಬೆಳೆಯಿತು. ಮೊದಲ ನಿರ್ದೇಶಕ ಮಾರಿಸ್ ಟ್ರಾವರ್ಸ್, ನಂತರದ ಆಲ್‌ಫ್ರೆಡ್ ಬೌರ್ನ್, ಮಾರ್ಟಿನ್ ಫಾರ್‌ಸ್ಟರ್ ಮೂವರೂ ಬ್ರಿಟಿಷರು. ಮೊದಲ ದಶಕಗಳ ಪ್ರಾಧ್ಯಾಪಕರಲ್ಲೂ ಬಹುಮಂದಿ ಅಲ್ಲಿಂದಲೇ ಬಂದವರು. ಮೈಸೂರಿನ ನೆಲದಲ್ಲಿ, ಟಾಟಾ ಹಣದಲ್ಲಿ ಎದ್ದ ಆ ಬಂಗಲೆಗಳಲ್ಲಿ ಅವರು ಸಂಸಾರ ಹೂಡಿದಾಗ ‘ನೀವು ಹೊರಗಿನವರು’ ಎಂದು ಯಾರೂ ಅನ್ನಲಿಲ್ಲ. ಈ ಮಾತನ್ನು ನೆನಪಿಟ್ಟುಕೊಂಡರೆ ಮುಂದಿನ ಕಥೆ ಚೆನ್ನಾಗಿ ಅರ್ಥವಾಗುತ್ತದೆ.

ಇಬ್ಬರು, ಒಂದೇ ವರ್ಷ

1933ರಲ್ಲಿ ಸಂಸ್ಥೆಗೆ ಮೊದಲ ಭಾರತೀಯ ನಿರ್ದೇಶಕರು ಬಂದರು: ಸರ್ ಸಿ.ವಿ. ರಾಮನ್. ಮೂರು ವರ್ಷದ ಹಿಂದೆ, 1930ರಲ್ಲಿ, ಅವರಿಗೆ ನೊಬೆಲ್ ಪಾರಿತೋಷಕ ಬಂದಿತ್ತು. ಕಲಕತ್ತೆಯಿಂದ ಬೆಂಗಳೂರಿಗೆ ಬಂದವರೇ ಭೌತವಿಜ್ಞಾನ ವಿಭಾಗವನ್ನು ತೆರೆದರು, ಸಂಸ್ಥೆಗೆಲ್ಲ ಉಪಯೋಗವಾಗುವ ವರ್ಕ್‌ಶಾಪ್ ಕಟ್ಟಿಸಿದರು. ಮರುವರ್ಷ, 1934ರಲ್ಲಿ, ಭಾರತೀಯ ವಿಜ್ಞಾನ ಅಕಾಡೆಮಿಯನ್ನು ಸ್ಥಾಪಿಸಿದರು. ಬೆಂಗಳೂರು ಜಗತ್ತಿನ ವಿಜ್ಞಾನ ಕೇಂದ್ರಗಳಲ್ಲಿ ಒಂದಾಗಬೇಕು, ಅದೂ ಬೇಗನೆ ಆಗಬೇಕು ಎಂಬುದು ಅವರ ಹಟ.

ಅದೇ 1933ರಲ್ಲಿ ಜರ್ಮನಿಯಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. ಏಪ್ರಿಲ್ ತಿಂಗಳಲ್ಲಿ ಹೊರಟ ಹೊಸ ಕಾನೂನು ಯಹೂದಿ ಮೂಲದವರನ್ನು ಸರಕಾರಿ ಹುದ್ದೆಗಳಿಂದ ಹೊರಹಾಕಿತು. ಗಟಿಂಗೆನ್ ವಿಶ್ವವಿದ್ಯಾನಿಲಯದಲ್ಲಿ 1921ರಿಂದ ಪ್ರಾಧ್ಯಾಪಕರಾಗಿದ್ದ ಮ್ಯಾಕ್ಸ್ ಬಾರ್ನ್ ಕೆಲಸ ಕಳೆದುಕೊಂಡರು. ಆಗ ಅವರಿಗೆ ಐವತ್ತು ವರ್ಷ. ಪತ್ನಿ ಹೆಡ್ವಿಗ್, ಮಕ್ಕಳೊಂದಿಗೆ ದೇಶ ಬಿಟ್ಟರು. ಕೇಂಬ್ರಿಜ್‌ನಲ್ಲಿ ಉಪನ್ಯಾಸಕನ ಕೆಲಸ ಸಿಕ್ಕಿತಾದರೂ ಅದು ಖಾಯಂ ಹುದ್ದೆಯಲ್ಲ.

ಬಾರ್ನ್ ಎಂದರೆ ಯಾರು? ಪರಮಾಣುವಿನ ಒಳಗಿನ ಕಣಗಳ ವರ್ತನೆಯನ್ನು ವಿವರಿಸುವ ಕ್ವಾಂಟಂ ಬಲವಿಜ್ಞಾನಕ್ಕೆ 1925ರಲ್ಲಿ ಗಣಿತದ ಗಟ್ಟಿ ರೂಪ ಕೊಟ್ಟ ಮೂವರಲ್ಲಿ ಅವರೊಬ್ಬರು. ಇನ್ನಿಬ್ಬರು ಹೈಸೆನ್‌ಬರ್ಗ್ ಮತ್ತು ಯೋರ್ಡಾನ್. 1926ರಲ್ಲಿ ಅವರು ಇನ್ನೂ ದೊಡ್ಡ ಹೆಜ್ಜೆ ಇಟ್ಟರು. ಷ್ರೋಡಿಂಗರ್ ಸಮೀಕರಣದಲ್ಲಿ ಬರುವ ‘ತರಂಗ’ ನಿಜಕ್ಕೂ ಏನನ್ನು ಸೂಚಿಸುತ್ತದೆ ಎಂದು ಎಲ್ಲರೂ ತಲೆ ಕೆಡಿಸಿಕೊಂಡಿದ್ದಾಗ, ಅದು ಕಣ ಎಲ್ಲೆಲ್ಲಿ ಸಿಗಬಹುದೆಂಬ ಸಂಭವನೀಯತೆಯನ್ನು ಸೂಚಿಸುತ್ತದೆ ಎಂದು ಬಾರ್ನ್ ತೋರಿಸಿದರು.

ತೆಂಗಿನ ತೋಟದವರಿಗೆ ಇದನ್ನು ಹೀಗೆ ಹೇಳಬಹುದು. ಹೊಂಬಾಳೆ ಒಡೆದು ಕಚ್ಚಿದ ಮಿಡಿಗಳಲ್ಲಿ ಯಾವುದು ನಿಲ್ಲುತ್ತದೆ, ಯಾವುದು ಉದುರುತ್ತದೆ ಎಂದು ಎಂಥ ಅನುಭವಿಯೂ ಬೆರಳಿಟ್ಟು ತೋರಿಸಲಾರ. ಆದರೆ ನೂರು ಮರದ ತೋಟದಲ್ಲಿ ಒಟ್ಟು ಎಷ್ಟು ಕಾಯಿ ಇಳಿಯಬಹುದೆಂದು ಸರಿಯಾಗಿಯೇ ಅಂದಾಜು ಮಾಡುತ್ತಾನೆ. ಇಲ್ಲೊಂದು ವ್ಯತ್ಯಾಸ ಉಂಟು. ಮಿಡಿ ಉದುರಲು ನೀರೋ, ಕೀಟವೋ, ಪೋಷಕಾಂಶದ ಕೊರತೆಯೋ ಕಾರಣವಾಗಿರುತ್ತದೆ, ಹುಡುಕಿದರೆ ಸಿಗುತ್ತದೆ. ಎಲೆಕ್ಟ್ರಾನಿನ ವಿಷಯದಲ್ಲಿ ಹಾಗಲ್ಲ. ಪ್ರಕೃತಿಯೇ ನಮಗೆ ಸಂಭವನೀಯತೆಯನ್ನಷ್ಟೇ ಕೊಡುತ್ತದೆ, ಅದರಾಚೆ ಮುಚ್ಚಿಟ್ಟ ಕಾರಣವೇನೂ ಇಲ್ಲ ಎಂಬುದು ಬಾರ್ನ್ ನಿಲುವು. ಅವರ ಆಪ್ತಮಿತ್ರ ಐನ್‌ಸ್ಟೈನ್ ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. ಆದರೆ ಇಂದು ಪ್ರತಿಯೊಂದು ಕ್ವಾಂಟಂ ಪಠ್ಯಪುಸ್ತಕವೂ ‘ಬಾರ್ನ್ ನಿಯಮ’ದ ಮೇಲೆಯೇ ನಿಂತಿದೆ.

ಅವರು ದೊಡ್ಡ ಸಂಶೋಧಕರಷ್ಟೇ ಅಲ್ಲ, ದೊಡ್ಡ ಮೇಷ್ಟರೂ ಹೌದು. ಪೌಲಿ, ಹೈಸೆನ್‌ಬರ್ಗ್ ಅವರ ಸಹಾಯಕರಾಗಿದ್ದವರು. ಆಪನ್‌ಹೈಮರ್, ಮರಿಯಾ ಗೋಪರ್ಟ್ ಅವರಲ್ಲಿ ಡಾಕ್ಟರೇಟ್ ಮಾಡಿದವರು. ಇಂಥವರಿಗೆ ಖಾಯಂ ಕೆಲಸವಿಲ್ಲ ಎಂದು ತಿಳಿದಾಗ ರಾಮನ್ ಸುಮ್ಮನಿರಲಿಲ್ಲ. ಸೈದ್ಧಾಂತಿಕ ಭೌತವಿಜ್ಞಾನದ ರೀಡರ್ ಆಗಿ ಆರು ತಿಂಗಳ ಮಟ್ಟಿಗೆ ಬೆಂಗಳೂರಿಗೆ ಬನ್ನಿ ಎಂದು ಕರೆದರು.

ಬಂಗಲೆಯ ದಿನಗಳು

1935ರ ಶರತ್ಕಾಲದಲ್ಲಿ ಬಾರ್ನ್ ದಂಪತಿ ಬೆಂಗಳೂರಿಗೆ ಬಂದರು. ಸಂಸ್ಥೆಯ ಆವರಣದ ಬಂಗಲೆಯಲ್ಲಿ ವಾಸ. ಎರಡು ವರ್ಷದ ಹಿಂದೆ ಸ್ವಂತ ಊರಿನ ಮನೆಯನ್ನು ಬಿಟ್ಟು ಓಡಬೇಕಾಗಿ ಬಂದವರಿಗೆ ಬೆಂಗಳೂರಿನ ಹಿತವಾದ ಹವೆ, ಸುತ್ತಲಿನ ತೋಟ ಹಿಡಿಸಿದವು. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲ್ ಅವರ ಪರಿಚಯವಾಯಿತು. ಇಲ್ಲೇ ನೆಲೆಸಿದರಾಯಿತು ಎಂಬ ಯೋಚನೆಯೂ ದಂಪತಿಗಳಲ್ಲಿ ಮೂಡಿತು.

ಕೆಲಸವೂ ಕೂಡಲೇ ಶುರುವಾಯಿತು. ರಾಮನ್ ಅವರ ಶಿಷ್ಯರಲ್ಲಿ ಎನ್.ಎಸ್. ನಾಗೇಂದ್ರನಾಥ್ ಎಂಬ ತರುಣರಿದ್ದರು. ಶ್ರವಣಾತೀತ ಧ್ವನಿ ಹರಿಯುವ ದ್ರವದ ಮೂಲಕ ಬೆಳಕು ಹಾದಾಗ ಹೇಗೆ ವಿವರ್ತನೆಯಾಗುತ್ತದೆ ಎಂಬುದನ್ನು ವಿವರಿಸುವ ‘ರಾಮನ್-ನಾಥ್ ಸಿದ್ಧಾಂತ’ದಲ್ಲಿ ಬರುವ ನಾಥ್ ಇವರೇ. ಆ ಸಿದ್ಧಾಂತ ರೂಪುಗೊಂಡದ್ದು 1935-36ರಲ್ಲಿ, ಸರಿಯಾಗಿ ಬಾರ್ನ್ ಇಲ್ಲಿದ್ದ ದಿನಗಳಲ್ಲಿ. ನಾಗೇಂದ್ರನಾಥ್ ಬಾರ್ನ್ ಜೊತೆಗೂ ಸೇರಿ, ಬೆಳಕು ಮತ್ತು ನ್ಯೂಟ್ರಿನೊ ಕಣಗಳ ಸಂಬಂಧದ ಬಗ್ಗೆ ಪ್ರಬಂಧ ಬರೆದರು. ಅದು 1936ರಲ್ಲಿ ರಾಮನ್ ಸ್ಥಾಪಿಸಿದ ಅಕಾಡೆಮಿಯ ಪತ್ರಿಕೆಯಲ್ಲೇ ಅಚ್ಚಾಯಿತು. ಆ ವಿಚಾರ ಮುಂದೆ ನಿಲ್ಲಲಿಲ್ಲ. ಆದರೆ ಬೆಂಗಳೂರಿನ ಒಬ್ಬ ತರುಣ, ಕ್ವಾಂಟಂ ವಿಜ್ಞಾನವನ್ನು ಕಟ್ಟಿದವರೊಂದಿಗೆ ಸರಿಸಮನಾಗಿ ಕುಳಿತು ಲೆಕ್ಕ ಹಾಕುವಂತಾಯಿತಲ್ಲ, ಒಳ್ಳೆಯ ಮೇಷ್ಟರು ಹತ್ತಿರದಲ್ಲಿದ್ದರೆ ಆಗುವ ಲಾಭ ಅದೇ.

ಇದನ್ನು ನೋಡಿದ ರಾಮನ್ ಬಾರ್ನ್ ಅವರನ್ನು ಬಿಡಲೊಲ್ಲದೆ ಹೋದರು. ರೀಡರ್ ಹುದ್ದೆಯನ್ನು ಖಾಯಂ ಪ್ರಾಧ್ಯಾಪಕ ಪೀಠವನ್ನಾಗಿ ಮಾಡಬೇಕೆಂದು ಹೊರಟರು.

ಒಂದು ಸಭೆ

ಆ ವೇಳೆಗೆ ಸಂಸ್ಥೆಯೊಳಗೆ ರಾಮನ್ ವಿರುದ್ಧ ಹೊಗೆಯಾಡುತ್ತಿತ್ತು. ತಪ್ಪೆಲ್ಲ ಒಂದೇ ಕಡೆಯದೆಂದು ಹೇಳಲಾಗದು. ರಾಮನ್ ಆತುರದ ಮನುಷ್ಯ. ಹಳಬರನ್ನು ಒಲಿಸಿಕೊಂಡು ಕೆಲಸ ತೆಗೆಯುವ ಸಹನೆ ಅವರಿಗೆ ಕಡಿಮೆ. ಇರುವ ಹಣದಲ್ಲೇ ಭೌತವಿಜ್ಞಾನ ವಿಭಾಗ ಬೆಳೆಯಬೇಕಾದಾಗ ರಸಾಯನವಿಜ್ಞಾನದಂಥ ಹಳೆಯ ವಿಭಾಗಗಳಿಗೆ ಆತಂಕವಾದದ್ದು ಸಹಜ. ಇನ್ನೊಂದು ಕಡೆ, ಒಳ್ಳೆಯ ಸಂಬಳ, ಒಳ್ಳೆಯ ಬಂಗಲೆ ಇದ್ದೂ ಕೆಲಸ ನಿಧಾನಗತಿಯಲ್ಲಿ ಸಾಗುತ್ತಿತ್ತೆಂಬ ರಾಮನ್ ಅಸಮಾಧಾನದಲ್ಲೂ ಹುರುಳಿತ್ತು. ಬಾರ್ನ್ ಕೂಡ ರುದರ್‌ಫರ್ಡ್ ಅವರಿಗೆ ಬರೆದ ಪತ್ರದಲ್ಲಿ ಇದೇ ಅಭಿಪ್ರಾಯ ಕೊಟ್ಟಿದ್ದರು.

ಖಾಯಂ ಪೀಠದ ಪ್ರಸ್ತಾಪ ಪ್ರಾಧ್ಯಾಪಕರ ಸಭೆಯ ಮುಂದೆ ಬಂತು. ಬಾರ್ನ್ ಅವರೂ ಸಭೆಯಲ್ಲಿ ಹಾಜರಿರಬೇಕಾಯಿತು. ಮುಂದೆ ನಡೆದದ್ದನ್ನು ಅವರೇ ವರ್ಷಗಳ ನಂತರ ಬರೆದಿಟ್ಟಿದ್ದಾರೆ. ವಿದ್ಯುತ್ ತಂತ್ರಜ್ಞಾನದ ಇಂಗ್ಲಿಷ್ ಪ್ರಾಧ್ಯಾಪಕ ಆಸ್ಟನ್ ಎದ್ದು ನಿಂತು ಪ್ರಸ್ತಾಪವನ್ನು ಕಟುವಾಗಿ ವಿರೋಧಿಸಿದರು. ತನ್ನ ದೇಶದಿಂದಲೇ ಓಡಿಸಿಕೊಂಡು ಬಂದ ಎರಡನೆಯ ದರ್ಜೆಯ ಪರದೇಶದವನು ಈ ಸಂಸ್ಥೆಗೆ ತಕ್ಕವನಲ್ಲ ಎಂಬ ಅರ್ಥದ ಮಾತನ್ನು ಆಡಿದರು. ಆಸ್ಟನ್ ಕುಟುಂಬದೊಂದಿಗೆ ಬಾರ್ನ್ ದಂಪತಿ ಸ್ನೇಹದಿಂದಲೇ ಇದ್ದವರು. ಬಾರ್ನ್ ಮನೆಗೆ ಹಿಂತಿರುಗಿ, ಹೆಂಡತಿಯ ಎದುರು ಅತ್ತುಬಿಟ್ಟರು.

ಈ ಪ್ರಸಂಗದಲ್ಲಿ ಎರಡು ಮಾತನ್ನು ಗಮನಿಸಬೇಕು. ‘ಪರದೇಶದವನು’ ಎಂದವರೂ ಆರು ಸಾವಿರ ಮೈಲಿ ದಾಟಿ ಬಂದು ಮೈಸೂರಿನ ನೆಲದಲ್ಲಿ ಕೆಲಸಕ್ಕಿದ್ದವರೇ. ಇನ್ನು ‘ಓಡಿಸಿಕೊಂಡು ಬಂದವನು’ ಎಂಬುದು ಬಾರ್ನ್ ಮಾಡಿದ ತಪ್ಪಲ್ಲ, ಅವರಿಗೆ ಆದ ಅನ್ಯಾಯ. ಒಬ್ಬನಿಗೆ ಆದ ಅನ್ಯಾಯವನ್ನೇ ಅವನ ಅಯೋಗ್ಯತೆಗೆ ಸಾಕ್ಷಿಯಾಗಿ ತೋರಿಸುವ ಈ ಚಾಳಿ ಅಂದಿಗೂ ಇತ್ತು, ಇಂದಿಗೂ ಇದೆ. ಶಾಲೆಯ ಅಂಗಳದಲ್ಲೂ ಕಾಣಸಿಗುತ್ತದೆ.

ಕಳೆದುಕೊಂಡದ್ದು

1936ರ ವಸಂತದ ಹೊತ್ತಿಗೆ ಬಂಗಲೆ ಖಾಲಿಯಾಯಿತು. ಬಾರ್ನ್ ಇಂಗ್ಲೆಂಡಿಗೆ ಹಿಂತಿರುಗಿದರು. ಅದೇ ವರ್ಷ ಸ್ಕಾಟ್ಲೆಂಡಿನ ಎಡಿನ್‌ಬರೊ ವಿಶ್ವವಿದ್ಯಾನಿಲಯ ಅವರನ್ನು ಪ್ರಾಧ್ಯಾಪಕ ಪೀಠಕ್ಕೆ ಕರೆಯಿತು. ಬೆಂಗಳೂರು ಆರು ತಿಂಗಳು ಇಟ್ಟುಕೊಂಡ ಮೇಷ್ಟರನ್ನು ಎಡಿನ್‌ಬರೊ 1953ರವರೆಗೆ, ಹದಿನೇಳು ವರ್ಷ ಇಟ್ಟುಕೊಂಡಿತು.

ಆ ಹದಿನೇಳು ವರ್ಷದಲ್ಲಿ ಅವರ ಹತ್ತಿರ ಕಲಿಯಲು, ದುಡಿಯಲು ಎಲ್ಲೆಲ್ಲಿಂದಲೋ ತರುಣರು ಬಂದರು. ಚೀನಾದಿಂದ ಬಂದ ಪೆಂಗ್ ಹುವಾನ್‌ವು ಮುಂದೆ ತಮ್ಮ ದೇಶದ ಸೈದ್ಧಾಂತಿಕ ಭೌತವಿಜ್ಞಾನದ ಹಿರಿಯರಲ್ಲೊಬ್ಬರಾದರು. ಚೀನಾದವರೇ ಆದ ಕುನ್ ಹುವಾಂಗ್ ಜೊತೆ ಬಾರ್ನ್ ಬರೆದ, ಹರಳುಗಳೊಳಗಿನ ಪರಮಾಣು ಕಂಪನ ಕುರಿತ ಗ್ರಂಥ 1954ರಲ್ಲಿ ಹೊರಬಂತು. ಘನವಸ್ತು ವಿಜ್ಞಾನ ಓದುವವರು ಇಂದಿಗೂ ಅದನ್ನು ತೆರೆದು ನೋಡುತ್ತಾರೆ. ಅದೇ 1954ರಲ್ಲಿ ಬಾರ್ನ್ ಅವರಿಗೆ ನೊಬೆಲ್ ಪಾರಿತೋಷಕವೂ ಬಂತು. 1926ರಲ್ಲಿ ಮಾಡಿದ ಕೆಲಸಕ್ಕೆ ಇಪ್ಪತ್ತೆಂಟು ವರ್ಷದ ನಂತರ! ಬೆಂಗಳೂರಿನ ಸಭೆಯಲ್ಲಿ ‘ಎರಡನೆಯ ದರ್ಜೆ’ ಎನಿಸಿಕೊಂಡಾಗಲೇ ಆ ಕೆಲಸಕ್ಕೆ ಹತ್ತು ವರ್ಷ ತುಂಬುತ್ತಿತ್ತು.

ರಾಮನ್ ಅವರ ಪಾಡೂ ಚೆನ್ನಾಗಿರಲಿಲ್ಲ. 1936ರಲ್ಲಿ ಸಂಸ್ಥೆಯ ಕೆಲಸಕಾರ್ಯ ಪರಿಶೀಲಿಸಲು ಜೇಮ್ಸ್ ಇರ್ವಿನ್ ಅಧ್ಯಕ್ಷತೆಯ ಸಮಿತಿ ಬಂತು. ಅದರ ವರದಿ ರಾಮನ್ ಆಡಳಿತವನ್ನು ಟೀಕಿಸಿತು. 1937ರಲ್ಲಿ ಅವರು ನಿರ್ದೇಶಕ ಸ್ಥಾನ ಬಿಟ್ಟರು. 1948ರವರೆಗೆ ಭೌತವಿಜ್ಞಾನ ಪ್ರಾಧ್ಯಾಪಕರಾಗಿ ಉಳಿದರು. ಅವರ ಮನೆಯೆಂದು ಬೆಂಗಳೂರಿಗರು ಇಂದು ಗುರುತಿಸುವುದು ಆವರಣದ ಬಂಗಲೆಯನ್ನಲ್ಲ, ಮಲ್ಲೇಶ್ವರದ ‘ಪಂಚವಟಿ’ಯನ್ನು. ಸರಕಾರದ್ದಾಗಲಿ ಸಂಸ್ಥೆಯದಾಗಲಿ, ಕ್ವಾರ್ಟರ್ಸ್ ಎಂಬುದು ಹುದ್ದೆಗೆ ಸೇರಿದ್ದು, ಮನುಷ್ಯನಿಗಲ್ಲ.

ಇವರಿಬ್ಬರ ಸಂಬಂಧದಲ್ಲೂ ಒಂದು ತಿರುವು ಬಂತು. 1940ರ ದಶಕದಲ್ಲಿ ಹರಳುಗಳೊಳಗೆ ಪರಮಾಣುಗಳು ಹೇಗೆ ಕಂಪಿಸುತ್ತವೆ ಎಂಬ ಬಗ್ಗೆ ರಾಮನ್ ಒಂದು ಸಿದ್ಧಾಂತ ಮಂಡಿಸಿದರು. ಅದು ಬಾರ್ನ್ ಸಿದ್ಧಾಂತಕ್ಕೆ ವಿರುದ್ಧವಾಗಿತ್ತು. ದೂರದೂರದಲ್ಲಿದ್ದ ಇಬ್ಬರೂ ಪತ್ರಿಕೆಗಳಲ್ಲಿ ಬಿರುಸಾಗಿ ವಾದ ಮಾಡಿದರು. ಕೊನೆಗೆ ಗೆದ್ದದ್ದು ಬಾರ್ನ್ ಅವರ ಸಿದ್ಧಾಂತ. ಒಂದೇ ಆವರಣದಲ್ಲಿ ಇದ್ದಿದ್ದರೆ, ಸಂಜೆಯ ವಾಯುವಿಹಾರದಲ್ಲೇ ಈ ಜಗಳ ಬಗೆಹರಿಯುತ್ತಿತ್ತೋ ಏನೋ. ಇಬ್ಬರೂ ತೀರಿಕೊಂಡದ್ದು 1970ರಲ್ಲಿ. ಬಾರ್ನ್ ಜನವರಿಯಲ್ಲಿ, ರಾಮನ್ ನವೆಂಬರಿನಲ್ಲಿ.

ಸೈದ್ಧಾಂತಿಕ ಅಧ್ಯಯನಕ್ಕೆಂದೇ ಒಂದು ಕೇಂದ್ರ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದದ್ದು 1972ರಲ್ಲಿ, ಸತೀಶ್ ಧವನ್ ನಿರ್ದೇಶಕರಾಗಿದ್ದಾಗ. ಬಾರ್ನ್ ಹೊರಟುಹೋಗಿ ಆಗ ಮೂವತ್ತಾರು ವರ್ಷ ಕಳೆದಿತ್ತು.

ಸೋದರಳಿಯ ಕಟ್ಟಿದ ಕಟ್ಟಡಗಳು

ಕಥೆಗೆ ಇನ್ನೊಂದು ಭಾಗವಿದೆ. ಅದು ಹೆಚ್ಚು ಜನರಿಗೆ ಗೊತ್ತಿಲ್ಲ.

ಬಾರ್ನ್ ಅವರ ತಂಗಿಯ ಮಗ ಆಟೊ ಕೊನಿಗ್ಸ್‌ಬರ್ಗರ್. 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ. ಅವರೂ ಹಿಟ್ಲರನ ಆಳ್ವಿಕೆಯಿಂದಾಗಿ ದೇಶ ಬಿಟ್ಟವರು. 1939ರಲ್ಲಿ ಮೈಸೂರು ಸಂಸ್ಥಾನ ಅವರನ್ನು ಮುಖ್ಯ ವಾಸ್ತುಶಿಲ್ಪಿಯಾಗಿ ನೇಮಿಸಿಕೊಂಡಿತು. ಆಗಲೂ ದಿವಾನರು ಮಿರ್ಜಾ ಇಸ್ಮಾಯಿಲ್ ಅವರೇ. ಬಸವನಗುಡಿಯ ಕೃಷ್ಣರಾವ್ ಪಾರ್ಕಿನಲ್ಲಿರುವ ಮಂಟಪ ಕೊನಿಗ್ಸ್‌ಬರ್ಗರ್ ಕೆಲಸ. ನಂತರ ಟಾಟಾ ಇನ್‌ಸ್ಟಿಟ್ಯೂಟಿನಿಂದಲೂ ಅವರಿಗೆ ಕರೆ ಬಂತು. 1942ರಲ್ಲಿ ಅಲ್ಲಿ ಆರಂಭವಾದ ವಿಮಾನ ತಂತ್ರಜ್ಞಾನ ವಿಭಾಗದ ಕಟ್ಟಡ, ಲೋಹವಿಜ್ಞಾನ ವಿಭಾಗದ ಕಟ್ಟಡ, ವಿದ್ಯಾರ್ಥಿಗಳ ಊಟದ ಮನೆ ಮತ್ತು ಸಭಾಂಗಣ ಇವೆಲ್ಲ ಅವರ ಕೈಯಲ್ಲಿ ರೂಪುಗೊಂಡವು.

ಮಾವನಿಗೆ ಜಾಗವಿಲ್ಲ ಎಂದ ಆವರಣದಲ್ಲಿ ಸೋದರಳಿಯ ನೂರಾರು ವಿದ್ಯಾರ್ಥಿಗಳಿಗೆ ನೆರಳು ಕಟ್ಟಿಕೊಟ್ಟರು. ಅವರ ಕಟ್ಟಡಗಳಲ್ಲಿ ಆಡಂಬರ ಕಡಿಮೆ. ಬಿಸಿಲು ನೇರವಾಗಿ ಒಳಗೆ ಬೀಳದಂತೆ ಚಾಚಿದ ಸಜ್ಜಾ, ಗಾಳಿ ಎದುರುಬದುರಾಗಿ ಓಡಾಡುವಂಥ ಕಿಟಕಿಗಳು, ಉದ್ದನೆಯ ವರಾಂಡ. ನಮ್ಮ ಕಡೆಯ ಹಳೆಯ ತೊಟ್ಟಿಮನೆ ಕಟ್ಟಿದವರಿಗೆ ಗೊತ್ತಿದ್ದ ವಿವೇಕವೇ ಇದು. ಬಿಸಿಲು, ಮಳೆ, ಗಾಳಿ ನೋಡಿಕೊಂಡು ಮನೆ ಕಟ್ಟಬೇಕು ಎಂಬುದನ್ನು ಕೊನಿಗ್ಸ್‌ಬರ್ಗರ್ ಶಾಸ್ತ್ರೀಯವಾಗಿ ರೂಪಿಸಿದರು. ಉಷ್ಣವಲಯದ ಮನೆಗಳ ಬಗ್ಗೆ ಇತರರೊಂದಿಗೆ ಸೇರಿ ಅವರು ಬರೆದ ಕೈಪಿಡಿ 1973ರಲ್ಲಿ ಪ್ರಕಟವಾಯಿತು. ವಾಸ್ತುಶಿಲ್ಪದ ವಿದ್ಯಾರ್ಥಿಗಳಿಗೆ ಅದು ಪಠ್ಯವೇ ಆಯಿತು. ಮೈಸೂರು ಸಂಸ್ಥಾನದ ಬಿಸಿಲು ಮಳೆಯಲ್ಲಿ ಮಾಡಿದ ಕೆಲಸ ಆ ಪುಸ್ತಕದ ಹಿಂದಿದೆ.

ಮನೆ ಕೊಡುವುದು ಎಂದರೆ

ಆಸ್ಟನ್ ಮಾತಿಗೆ ತಲೆದೂಗಿದ ಆವರಣ ಕೆಲವೇ ವರ್ಷಗಳಲ್ಲಿ ಕೊನಿಗ್ಸ್‌ಬರ್ಗರ್ ಅವರನ್ನು ಕರೆಸಿಕೊಂಡಿತು ಎಂದರೆ, ಸಂಸ್ಥೆಗಳೂ ಕಲಿಯಬಲ್ಲವು ಎಂದಾಯಿತು. ಆದರೆ ಕಳೆದುಕೊಂಡದ್ದು ಹಿಂದಕ್ಕೆ ಬರುವುದಿಲ್ಲ.

ನಮ್ಮ ಸೀಮೆಯಿಂದಲೂ ಹೊರಟುಹೋಗಿ ಬೇರೆ ಊರುಗಳಲ್ಲಿ ಬೆಳಗಿದ ಮೇಷ್ಟರುಗಳಿದ್ದಾರೆ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ 1906ರಲ್ಲಿ ಹುಟ್ಟಿದ ತೀ.ನಂ. ಶ್ರೀಕಂಠಯ್ಯನವರು ಮೈಸೂರು, ಬೆಂಗಳೂರು, ಧಾರವಾಡಗಳಲ್ಲಿ ಕನ್ನಡ ಪಾಠ ಹೇಳಿದರು. ಧಾರವಾಡ ಅಂದು ಮೈಸೂರು ಸಂಸ್ಥಾನದ ಗಡಿಯಾಚೆಗಿನ ಊರು. ಆ ಊರುಗಳು ಅವರನ್ನು ತಮ್ಮವರೆಂದು ಉಳಿಸಿಕೊಂಡವು. ‘ಭಾರತೀಯ ಕಾವ್ಯಮೀಮಾಂಸೆ’ಯಂಥ ಗ್ರಂಥ ಬರೆದ ಮೇಷ್ಟರಿಂದ ಕನ್ನಡದ ಹಲವು ತಲೆಮಾರು ಕಲಿಯಿತು.

ತೆಂಗು ಬೆಳೆಸುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ‘ತಿಪಟೂರು ಟಾಲ್’ ಸಸಿ ಬೇರೆ ಪಾತಿಯಿಂದ ಕಿತ್ತು ತಂದು ನೆಟ್ಟದ್ದು. ಮೊದಲ ಬೇಸಿಗೆಗಳಲ್ಲಿ ನೆರಳು ಮಾಡಿ ನೀರು ಹಾಕಬೇಕು. ಕಾಯಿ ಬಿಡಲು ಆರೇಳು ವರ್ಷ ಕಾಯಬೇಕು. ಆಮೇಲೆ ಅದು ಮಕ್ಕಳ ಕಾಲಕ್ಕೂ ಫಲ ಕೊಡುತ್ತದೆ. ಆರು ತಿಂಗಳಿಗೇ ಸಸಿ ಕಿತ್ತು, ಇದು ನಮ್ಮ ತೋಟದ್ದಲ್ಲ ಎಂದು ಬೇಲಿಯಾಚೆ ಎಸೆಯುವವರನ್ನು ರೈತರೆಂದು ಯಾರೂ ಕರೆಯುವುದಿಲ್ಲ.

ಕಾಲೇಜು ಸೇರುವ ಮುನ್ನ ಮಕ್ಕಳೂ ಹೆತ್ತವರೂ ಕಟ್ಟಡ ಎಷ್ಟು ದೊಡ್ಡದು, ಫೀಸು ಎಷ್ಟು, ಕೆಲಸ ಸಿಗುತ್ತದೆಯೇ ಎಂದು ವಿಚಾರಿಸುತ್ತಾರೆ. ಅದು ಸರಿಯೇ. ಅದರ ಜೊತೆಗೆ ಇನ್ನೆರಡು ಪ್ರಶ್ನೆ ಕೇಳಬಹುದು. ಇಲ್ಲಿನ ಮೇಷ್ಟರು ಎಷ್ಟು ವರ್ಷದಿಂದ ಇದ್ದಾರೆ? ತರಗತಿ ಮುಗಿದ ಮೇಲೆ ಸಂಶಯ ಕೇಳಲು ಅವರು ಸಿಗುತ್ತಾರೆಯೇ? ಮೇಷ್ಟರು ವರ್ಷಕ್ಕೊಬ್ಬರಂತೆ ಬದಲಾಗುವ ಕಡೆ ನಾಗೇಂದ್ರನಾಥರಂಥ ವಿದ್ಯಾರ್ಥಿ ಇದ್ದರೂ ಅವನ ಪಕ್ಕ ಕುಳಿತು ಲೆಕ್ಕ ಹಾಕುವವರು ಇರುವುದಿಲ್ಲ.

ಭಾರತೀಯ ವಿಜ್ಞಾನ ಸಂಸ್ಥೆ ವರ್ಷಕ್ಕೊಮ್ಮೆ ತನ್ನ ಬಾಗಿಲನ್ನು ಸಾರ್ವಜನಿಕರಿಗೆ ತೆರೆಯುತ್ತದೆ. ಆ ದಿನ ನಮ್ಮ ಕಡೆಯಿಂದಲೂ ಮಕ್ಕಳು ಹೋಗಬಹುದು. ಪ್ರಯೋಗಗಳನ್ನು ನೋಡಿ ದಣಿದ ಮೇಲೆ ಮರಗಳ ಸಾಲಿನಲ್ಲಿ ಒಂದು ಸುತ್ತು ಹಾಕಿದರೆ, ವಿಮಾನ ತಂತ್ರಜ್ಞಾನ ವಿಭಾಗದ ಕಟ್ಟಡದ ನೆರಳು ಸಿಗುತ್ತದೆ. ಅದರ ಸಜ್ಜಾದ ಕೆಳಗೆ ನಿಂತು, ಅದನ್ನು ಕಟ್ಟಿದವನೂ ತನ್ನ ಊರಿನಿಂದ ಓಡಿಸಿಕೊಂಡು ಬಂದವನೇ ಎಂದು ನೆನೆಸಿಕೊಂಡರೆ ಸಾಕು.